ಪಿಸ್ತಾ ಗಿಡಗಳ ಉಪವಾಸ

ಕಾರ್ಕಳದ ರತ್ನಾವತಿ ಬಡಿಸಲು ನಿಂತರೆ ಯಾರ ಎಲೆಗೂ ಒಂದು ಸೌಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಪಂಕ್ತಿಭೇದ ಮಾಡುವವರ ಕೈಯ ನೀರೂ ತನಗೆ ಬೇಡ ಎಂದು ಊರಿಡೀ ಹೇಳಿಕೊಂಡು ತಿರುಗಿದ ಹೆಂಗಸು. ಅಂಥವಳ ಅಂಗಳದಲ್ಲೇ ಸೊಸೆ ಸೌಮ್ಯಶ್ರೀ ಹಾಡಹಗಲೇ ಪಂಕ್ತಿಭೇದ ಮಾಡುತ್ತಿದ್ದಳು! ಮಗ ಲಕ್ಷಿತ್ ಮಸ್ಕತ್ತಿನಲ್ಲಿ, ಮನೆಯಲ್ಲಿ ಇವರಿಬ್ಬರೇ.

ಮುರಕಲ್ಲಿನ ಕೆಂಪು ಮಣ್ಣು ತುಂಬಿದ ಕುಂಡಗಳಲ್ಲಿ ಮೂರು ಸಾಲು ಪಿಸ್ತಾ ಸಸಿಗಳು. ಒಂದು ಸಾಲಿಗೆ ರಂಜಕದ, ಅಂದರೆ ಫಾಸ್ಫರಸ್ಸಿನ, ಗೊಬ್ಬರ ಹದವಾಗಿ, ಇನ್ನೊಂದಕ್ಕೆ ವಿಪರೀತ, ಹೋಲಿಸಿ ನೋಡಲೆಂದು ಇಟ್ಟ ಮತ್ತೊಂದಕ್ಕೆ ಏನೂ ಇಲ್ಲ. ಸೊಸೆಯ ಪಿಎಚ್‌ಡಿ ಪೂರ್ತಿ ಆ ಕುಂಡಗಳ ಮೇಲೆ ನಿಂತಿತ್ತು. ಹದವಾಗಿ ಉಂಡವು ಚಿಗುರಿದವು. ವಿಪರೀತ ಉಂಡವು ಬಿಳಿಚಿಕೊಂಡವು. ರಂಜಕ ಅತಿಯಾದರೆ ಬೇರಿಗೆ ಸತು ದಕ್ಕುವುದಿಲ್ಲವಂತೆ. ಉಪವಾಸದ ಸಾಲು ಮಾತ್ರ ಗೇಣುದ್ದಕ್ಕೇ ನಿಂತು, ಎಲೆ ಕಂದಿ, ನೋಡಿದವರಿಗೆ ಅಯ್ಯೋ ಅನ್ನಿಸುತ್ತಿತ್ತು.

“ಇವು ಎಂತ ಪಾಪ ಮಾಡಿದ್ದಾವೆ? ಒಂದು ಚಿಟಿಕೆ ಹಾಕಿದರೆ ಎಂತಾಗ್ತದೆ?” ಎಂದಳು ರತ್ನಾವತಿ.

“ಅತ್ತೆ, ದಮ್ಮಯ್ಯ, ಮುಟ್ಟಬೇಡಿ. ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ.”

ಹೇಳಿದ್ದು ನೆಂಟರ ಎದುರು. ರತ್ನಾವತಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಸೊಸೆ ಮಣಿಪಾಲದ ಬಸ್ಸು ಹತ್ತಿದ್ದೇ ತಡ, ತೆಂಗಿಗೆ ತಂದಿಟ್ಟ ಸೂಪರ್ ಫಾಸ್ಫೇಟ್ ಚೀಲ ಬಿಚ್ಚಿ ಉಪವಾಸದ ಸಾಲಿಗೆ ಚಿಟಿಕೆ ಚಿಟಿಕೆ ಬಡಿಸಿದಳು. ಆಮೇಲೆ ವಾರ ವಾರವೂ. ಅದರಲ್ಲಿ ಕನಿಕರ ಎಷ್ಟು, ಹಟ ಎಷ್ಟು ಎಂದು ಅವಳನ್ನೇ ಕೇಳಬೇಕು.

ಮಳೆಗಾಲ ಕಳೆಯುವಾಗ ಆ ಸಸಿಗಳು ನಳನಳಿಸಿದವು. ಸೌಮ್ಯಶ್ರೀ ಕುಣಿದಾಡಿದಳು. ಮಣ್ಣಿನ ಕಬ್ಬಿಣ ಬಿಗಿಹಿಡಿದಿದ್ದ ರಂಜಕವನ್ನು ಪಿಸ್ತಾದ ಬೇರು ತಾನೇ ಬಿಡಿಸಿಕೊಂಡಿದೆ ಎಂದು ಗೈಡಿಗೆ ಬರೆದಳು, ದೊಡ್ಡ ಸಭೆಯಲ್ಲಿ ಓದಿದಳು. ರತ್ನಾವತಿ ಪಾಯಸ ಮಾಡಿದಳು. ಒಳಗೊಳಗೇ ನಗು. ಅರ್ಥ ಆಗದವಳ ಕೈಗುಣ ನೋಡು!

ಅನುಮಾನ ಬಂದ ಗೈಡ್ ಆ ಕುಂಡಗಳ ಮಣ್ಣನ್ನು ಪರೀಕ್ಷೆಗೆ ಕೊಟ್ಟರು. ಹಾಕಿದ ಗೊಬ್ಬರ ಸಿಕ್ಕಿಬಿತ್ತು. ಅವರ ಫೋನ್ ಬಂದಾಗ ಸೊಸೆಯ ಮುಖ ಸುಣ್ಣದ ಹಾಗಾಯಿತು. ಫೋನಿಗೆ ಕೈ ಅಡ್ಡ ಹಿಡಿದು ಕೇಳಿದಳು: “ಅತ್ತೆ, ಕುಂಡಕ್ಕೆ ಎಂತಾದರೂ ಹಾಕಿದ್ದುಂಟಾ? ಉಂಟಾದರೆ ಹೇಳಿ, ನಾನು ಬೈಯುವುದಿಲ್ಲ. ಪುನಃ ನೆಟ್ಟು ಮಾಡ್ತೇನೆ. ಇಲ್ಲದಿದ್ದರೆ ನಾನೇ ಮೋಸ ಮಾಡಿದ್ದು ಅಂತ ಪಿಎಚ್‌ಡಿಯಿಂದಲೇ ತೆಗೆದುಹಾಕ್ತಾರೆ.”

ಒಂದೇ ಮಾತು ಸಾಕಿತ್ತು. ಆದರೆ ನಾಳೆ ಬಸದಿಯಲ್ಲಿ ನಾಲ್ಕು ಜನ ನಗುವುದಿಲ್ಲವೇ?

“ನಾನಾ? ನೀನು ಮುಟ್ಟಬೇಡಿ ಅಂದ ಮೇಲೆ ಆ ಕಡೆ ತಲೆಯೇ ಹಾಕಿಲ್ಲ.”

ಸೌಮ್ಯಶ್ರೀ ನಂಬಿದಳು. “ಇಲ್ಲ ಸರ್,” ಎಂದಳು ಫೋನಿನಲ್ಲಿ, “ಮನೆಯಲ್ಲಿ ಇರುವುದು ನಮ್ಮ ಅತ್ತೆ ಮಾತ್ರ. ಅವರು ಸುಳ್ಳು ಹೇಳುವವರಲ್ಲ.”

“ಹಾಗಾದರೆ ಹಾಕಿದ್ದು ನೀನೇ,” ಎಂದು ಗೈಡ್ ಫೋನಿಟ್ಟರು.

ಅವಳು ಜಗಲಿಯಲ್ಲಿ ಕುಸಿದು ಕೂತಳು. “ಅತ್ತೆ, ನೀವಾದರೂ ನನ್ನನ್ನು ನಂಬ್ತೀರಲ್ವಾ?”

ರತ್ನಾವತಿ ಪಕ್ಕದಲ್ಲಿ ಕೂತು ಅವಳ ತಲೆ ಸವರಿದಳು.

“ತಪ್ಪಾಯಿತು ಅಂತ ಒಪ್ಪಿಕೊಂಡುಬಿಡು ಮಗಾ,” ಎಂದಳು. “ದೊಡ್ಡವರು ಕ್ಷಮಿಸ್ತಾರೆ.”