ಹಾರ್ಜೊ ಮನೆಯ ಕೆಂಪು ಗಿಡ

ಪಕ್ಕದ ಮನೆಯ ಹಾರ್ಜೊ ಲಕ್ವ ಹೊಡೆದು ಬಿದ್ದಾಗ ಅವರ ಸೊಸೆ ವೆನಿಂಗ್ ಬೀಗದ ಕೈಯನ್ನು ನನ್ನ ಕೈಗೆ ತುರುಕಿ ಆಂಬುಲೆನ್ಸ್ ಹತ್ತಿದಳು. "ಬು, ಕೋಳಿಗಳಿಗೆ ಕಾಳು ಹಾಕಿ, ಗಿಡಗಳನ್ನ ಸ್ವಲ್ಪ ನೋಡ್ಕೊಳ್ಳಿ" ಅಂದಳು ಅಷ್ಟೇ. ಬು ಅಂದರೆ ಅಮ್ಮ; ನನ್ನನ್ನು ಹಾಗೇ ಕರೆಯುವುದು ಅವಳ ರೂಢಿ. ಒಂಬತ್ತು ದಿನ ಅವರೆಲ್ಲ ಜೋಗ್ಜಾ ನಗರದ ಆಸ್ಪತ್ರೆಯಲ್ಲಿದ್ದರು. ಒಂಬತ್ತು ದಿನವೂ ನಾನು ನಿಷ್ಠೆಯಿಂದ, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕಿದೆ. ಕಿಟಕಿಯ ಬಳಿ ಸ್ಟೂಲಿನ ಮೇಲಿದ್ದ ಬಣ್ಣದ ಎಲೆಯ ಶ್ರೀ ರೆಜೆಕಿ ಗಿಡಕ್ಕಂತೂ ಒಂದು ಬೊಗಸೆ ಹೆಚ್ಚೇ.

ಶ್ರೀ ರೆಜೆಕಿ ನಮ್ಮಲ್ಲಿ ಯಾರ ಜಗಲಿಯಲ್ಲಿಲ್ಲ? ಆದರೆ ಆ ಗಿಡ ಬೇರೆ. ಶಾಲೆ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಹಾರ್ಜೊ ಹನ್ನೊಂದು ವರ್ಷ ಸಣ್ಣ ಕುಂಚ ಹಿಡಿದು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರುತ್ತ ಕೂತಿದ್ದರು. ನೂರಾರು ಬೀಜಗಳಲ್ಲಿ ಅದೊಂದೇ ಅವರ ಮನಸ್ಸಿನಲ್ಲಿದ್ದ ಬಣ್ಣಕ್ಕೆ ಬಂತು. ಎಲೆಯೆಲ್ಲ ಮಾಗಿದ ಮೆಣಸಿನಕಾಯಿಯ ಕೆಂಪು, ಅಂಚಿಗೆ ಮಾತ್ರ ಎಳೆಯಷ್ಟು ಹಸಿರು. ಪಕ್ಕದಲ್ಲಿ ಮರಿ ಒಡೆದಿರಲಿಲ್ಲ. ಒಂದೇ ಕಾಂಡ. ಅದರ ಜೋಡಿ ಇನ್ನೆಲ್ಲೂ ಇರಲಿಲ್ಲ.

ಹಾರ್ಜೊ ಮನೆಗೆ ಬಂದರು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ವೆನಿಂಗ್ ಗೋಡೆಯಾಚೆಯಿಂದ ಮೆಲ್ಲಗೆ ಕರೆದಳು. ಹೋದೆ. ಅವಳ ಕೈಯಲ್ಲಿ ಕೆಳಗಿನ ಎಲೆಯೊಂದು ಬುಡಸಮೇತ ಕಿತ್ತು ಬಂದಿತ್ತು. ಕುಂಡದಿಂದ ಕೊಳೆತ ವಾಸನೆ. ಕಾಂಡದ ಬುಡ ಬೆರಳಿಟ್ಟರೆ ಒಳಗಿಳಿಯುವಷ್ಟು ಮೆತ್ತಗಾಗಿತ್ತು.

"ನಾನೇ ಕೊಂದೆ, ಬು. ಬಂದ ದಿನ ಒಣಗಿರುತ್ತೆ ಅಂತ ಎರಡು ಲೋಟ ನೀರು ಸುರಿದುಬಿಟ್ಟೆ."

ಎರಡು ಲೋಟಕ್ಕೆ ಗಿಡ ಕೊಳೆಯುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಕಿತ್ತು ಬಂದ ಎಲೆಯನ್ನಷ್ಟೇ ಅವಳ ಕೈಯಿಂದ ತೆಗೆದುಕೊಂಡೆ.

"ಮೇಲಿನ ಭಾಗ ಕತ್ತರಿಸಿ ಬೇರು ಬರಿಸ್ಬೇಕು," ಅಂದಳು. "ಆದ್ರೆ ಬಾಪಕ್‌ಗೆ ಗೊತ್ತಿಲ್ದೆ ಮಾಡಲ್ಲ. ಅವರ ಮುಂದೇನೇ ಮಾಡ್ತೀನಿ. ಕುಂಡ ಹಿಡ್ಕೊಳ್ಳಿ."

ಅವಳು ಬಾಪಕ್ ಎಂದು ಕರೆಯುವ ಮಾವನ ಮಂಚದ ಪಕ್ಕ ಕುಂಡವಿಟ್ಟೆವು. ಒಲೆಯ ಉರಿಯಲ್ಲಿ ಕಾಯಿಸಿದ ಚಾಕುವನ್ನು ಕಂಡದ್ದೇ ಹಾರ್ಜೊ ಎಡಗೈಯಿಂದ ಮಂಚದ ಹಲಗೆಯನ್ನು ದಬದಬ ಬಡಿಯತೊಡಗಿದರು. ವೆನಿಂಗ್ ತುಟಿ ಕಚ್ಚಿಕೊಂಡು ಬುಡದ ಮೇಲೆ ಎರಡು ಬೆರಳು ಬಿಟ್ಟು ಕತ್ತರಿಸಿದಳು. ಕಾಂಡದ ಒಳಗೆ ಕಂದು ಬಳೆ, ಕೊಳೆ ಮೇಲಕ್ಕೇರಿದ ಗುರುತು. ಇನ್ನೊಂದು ಬೆರಳು ಮೇಲೆ ಕತ್ತರಿಸಿದಳು. ಬಳೆ ಸಣ್ಣದಾಗಿತ್ತು, ಹೋಗಿರಲಿಲ್ಲ. ಮತ್ತೊಂದು ಸಲ. ನಡುವೆ ಸಾಸಿವೆಯಷ್ಟು ಚುಕ್ಕೆ. ಈಗ ಉಳಿದಿದ್ದು ನಾಲ್ಕು ಬೆರಳಿನಷ್ಟು ಕಾಂಡ, ತುದಿಯಲ್ಲಿ ಐದು ಎಲೆ. ಹಾರ್ಜೊ ಗಂಟಲಿನಿಂದ ಬಂದ ಸ್ವರ ಕೇಳಿ ಹಿತ್ತಲಿನ ಕೋಳಿಗಳು ಚೆದುರಿದವು.

"ಸಾಕು ಬಿಡೆ," ಅಂದೆ. "ನಿನ್ನ ಗಂಡ ಬಾಗ್ಯೊ ಸಂಜೆ ಬಸ್ ಡ್ಯೂಟಿ ಮುಗಿಸಿ ಬರ್ಲಿ. ಅವನನ್ನ ಕೇಳಿ ಮಾಡೋಣ."

"ಸಂಜೆಗೆ ಆ ಚುಕ್ಕೆ ತುದಿ ಮುಟ್ಟಿರುತ್ತೆ, ಬು." ಚಾಕು ಕೆಳಗಿಟ್ಟಳು. ಮಂಚದ ಬಳಿ ಕೂತು ಮಾವನ ಮುಖದ ಹತ್ತಿರ ಮುಖ ತಂದಳು. "ಬಾಪಕ್, ಬೈತಿದ್ದೀರೋ ಹೇಳ್ಕೊಡ್ತಿದ್ದೀರೋ ನಂಗೊತ್ತಾಗ್ತಿಲ್ಲ. ಇನ್ನೂ ಕತ್ತರಿಸ್ಲಾ? ಹೌದಾದ್ರೆ ಒಂದು ಸಲ ಕಣ್ಣು ಮುಚ್ಚಿ, ಬೇಡ ಅಂದ್ರೆ ಎರಡು ಸಲ."

ಅವರು ಒಂದು ಸಲ ಕಣ್ಣು ಮುಚ್ಚಿದರು. ಮತ್ತೆ ಮುಚ್ಚಲಿಲ್ಲ.

ಕತ್ತರಿಸಿದಳು. ಈ ಸಲ ಒಳಗೆ ಮೂಲಂಗಿಯ ಹಾಗೆ ಶುದ್ಧ ಬಿಳಿ. ಆದರೂ ಹಲಗೆ ಬಡಿಯುವುದು ನಿಲ್ಲಲಿಲ್ಲ. ಅವರ ಬೆರಳು ಎಲೆಗಳತ್ತ ಹೋಗುತ್ತಿತ್ತು. ವೆನಿಂಗ್ ಒಂದೊಂದೇ ಎಲೆ ಮುಟ್ಟಿ ಕೇಳಿದಳು. ದೊಡ್ಡ ಮೂರನ್ನೂ, ಅಷ್ಟು ಚೆಂದದ ಮೂರನ್ನೂ, ತೆಗೆಯಬೇಕಂತೆ. ಬೇರಿಲ್ಲದ ಕಡ್ಡಿ ಅಷ್ಟು ಎಲೆ ಸಾಕಲಾರದು. ತೆಗೆದಳು. ಅವು ನೆಲಕ್ಕೆ ಬೀಳುವಾಗ ಮುದುಕರ ಕಣ್ಣಿಂದ ನೀರಿಳಿಯಿತು. ನಾನು ಕುಂಡದ ಮಣ್ಣು ನೋಡುತ್ತ ನಿಂತೆ.

ಕೊಯ್ದ ಜಾಗಕ್ಕೆ ಒಲೆಯ ಬೂದಿ ಹಚ್ಚಿ ಸಂಜೆಯವರೆಗೆ ಆರಲು ಬಿಟ್ಟು, ಸುಟ್ಟ ಭತ್ತದ ಹೊಟ್ಟು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಟ್ಟಳು. ಮೇಲೆ ತೆಳು ಕವರು ಕವುಚಿ ಮಾವನ ಕಣ್ಣಿಗೆ ಬೀಳುವ ಹಾಗೆ ಇಟ್ಟಳು.

ದಿನವೂ ಹೋಗಿ ನೋಡುತ್ತಿದ್ದೆ. ಹತ್ತನೆಯ ದಿನ, ಉಳಿದಿದ್ದ ಎರಡು ಎಲೆಗಳಲ್ಲಿ ಒಂದು ಹಳದಿಗೆ ತಿರುಗಿತ್ತು. ವೆನಿಂಗ್ ಮಾವನಿಗೆ ಗಂಜಿ ಕುಡಿಸುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪು. "ನನ್ನ ಕೈಯೇ ಸರಿಯಿಲ್ಲ, ಬು. ಹೊರಗಿನ ಗಿಡಗಳನ್ನೂ ಮುಟ್ತಿಲ್ಲ ನಾನು. ಬಾಗ್ಯೊಗೆ ಹೇಳಿದ್ದೀನಿ, ನೀನೇ ನೋಡ್ಕೋ ಅಂತ."

ಆಗ ನನ್ನಿಂದ ತಡೆಯಲಾಗಲಿಲ್ಲ. "ನಿನ್ನ ಕೈಯಲ್ಲ, ನನ್ನದು. ಒಂಬತ್ತು ದಿನ, ಎರಡು ಹೊತ್ತೂ, ಚೊಂಬುಗಟ್ಟಲೆ ಸುರಿದಿದ್ದೀನಿ. ನಿನ್ನ ಎರಡು ಲೋಟದಿಂದ ಏನೂ ಆಗಿಲ್ಲ."

ಚಮಚ ಗಂಜಿಯಲ್ಲೇ ನಿಂತಿತು. ಹಾರ್ಜೊ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿತ್ತೋ ಇಲ್ಲವೋ, ಅರ್ಧ ಸತ್ತ ಮುಖದಲ್ಲಿ ತಿಳಿಯಲಿಲ್ಲ.

"ಹತ್ತು ದಿನದಿಂದ ನಾನು ಅಳೋದನ್ನ ನೋಡ್ತಾನೇ ಇದ್ರಲ್ಲ," ಅಂದಳು ವೆನಿಂಗ್. ಜೋರು ದನಿ ಇರಲಿಲ್ಲ. "ಕುಂಡ ಹಿಡ್ಕೊಂಡು ನಿಂತಿದ್ರಿ. ಆಗ್ಲೂ ಹೇಳ್ಲಿಲ್ಲ."

ನಾನು ಎದ್ದು ಬಂದೆ. ಆಮೇಲೆ ಎರಡು ವಾರ ಗೋಡೆಯಾಚೆಯಿಂದ ಕರೆ ಬರಲಿಲ್ಲ. ಕರಿದ ಸೋಯಾ ತೆಂಪೆ ಕಳಿಸಿದರೆ ಹಾಗೆಯೇ ವಾಪಸ್ ಬಂತು. ಹಳದಿ ಎಲೆ ಬಿತ್ತೋ, ಗಿಡ ಸತ್ತಿತೋ, ಯಾರನ್ನು ಕೇಳಲಿ? ಅವರ ಕಸದ ಬುಟ್ಟಿಯನ್ನು ಕಳ್ಳಿಯ ಹಾಗೆ ಇಣುಕಿ ನೋಡುತ್ತಿದ್ದೆ.

ನೆಟ್ಟ ಇಪ್ಪತ್ತಾರನೆಯ ದಿನ ಬಾಗ್ಯೊ ಬಂದು ಬಾಗಿಲು ತಟ್ಟಿದ. "ಬು, ಅಪ್ಪ ನಿಮ್ಮ ಮನೆ ಕಡೆ ಕೈ ತೋರಿಸಿ ತೋರಿಸಿ ಸಾಕುಸಾಕು ಮಾಡ್ತಿದ್ದಾರೆ. ಬನ್ನಿ."

ಹೋದೆ. ಲೋಟ ಹಾರ್ಜೊ ಎದೆಯ ಮೇಲಿತ್ತು. ಒಳಗೆ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಕರಿ ಹೊಟ್ಟಿನ ನಡುವೆ ಉಗುರಿನಷ್ಟು ಉದ್ದದ ಬಿಳಿ ಬೇರು. ಪಕ್ಕದಲ್ಲಿ ಇನ್ನೊಂದರ ಮೊನೆ. ಮಂಚದ ಅಂಚಿಗೆ ಕೂತೆ.

ವೆನಿಂಗ್ ಬಾಗಿಲಿಗೊರಗಿ ನಿಂತಿದ್ದಳು. "ಕರೀರಿ ಅಂದಿದ್ದು ಬಾಪಕ್. ನಾನಾಗಿದ್ರೆ ಕರೀತಿರ್ಲಿಲ್ಲ."

"ಗೊತ್ತು," ಅಂದೆ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂರು ಲೋಟ ಚಹಾ ತಂದು, ಒಂದನ್ನು ನನ್ನ ಮುಂದೆ ಸದ್ದಾಗುವಂತೆ ಇಟ್ಟಳು.