ವರ್ಗವಾದವರನ್ನು ವಿಚಾರಿಸುವ ಅಚ್ಯುತರಾಯರು

ನಮ್ಮ ಅಚ್ಯುತರಾಯರ ಬಾಯಲ್ಲಿ ಯಾರೂ ಸಾಯುವುದಿಲ್ಲ, ವರ್ಗವಾಗುತ್ತಾರೆ. ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸಿನ ಕನ್ನಡ ಮನೆಗಳಿಗೆ ಯಾರೋ ಹಿರಿಯರು ತೀರಿಕೊಂಡ ಸುದ್ದಿ ಬಂದು ಉಳಿದವರೆಲ್ಲ "ಅಯ್ಯೋ ಪಾಪ" ಎನ್ನುವಾಗ, ಈ ಮಹಾನುಭಾವರು ಮಾತ್ರ ಕನ್ನಡಕವನ್ನು ಹಣೆಗೇರಿಸಿ, "ಎಲ್ಲಿಗೆ ವರ್ಗವಾಯ್ತೋ, ವಿಚಾರಿಸಬೇಕು" ಎಂದುಬಿಡುತ್ತಾರೆ. ಹೊಸಬರು ಬೆಚ್ಚಿಬೀಳುತ್ತಾರೆ. ಬಲ್ಲವರು ಇನ್ನರ್ಧ ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಅರ್ಧ ತೆರೆದ ಬಾಗಿಲಲ್ಲಿ ನುಸುಳುವವರಂತೆ ಎಡಭುಜ ಮುಂದೆ ಮಾಡಿ ನಡೆಯುವ ನಡಿಗೆ. ಸುಡುಬಿಸಿಲಲ್ಲೂ ಬಿಚ್ಚದ, ಮೊಳಕೈ ಸವೆದು ಹೊಳೆಯುವ ಕಂದು ಉಣ್ಣೆಯ ಕೋಟು. ಕೆಟ್ಟ ಕಂಪ್ಯೂಟರ್ ಚಿಪ್ ಯಾವ ಬ್ಯಾಚಿನಲ್ಲಿ ತಯಾರಾದದ್ದೆಂದು ಪತ್ತೆಹಚ್ಚುವುದು ಸಾಂಟಾ ಕ್ಲಾರಾದ ಕಂಪನಿಯೊಂದರಲ್ಲಿ ಅವರ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತಿಯ ಮೇಲೆ ಅದೇ ಚಾಳಿ ನೂರು ವರ್ಷ ಹಿಂದಿನ ಮೊದಲ ಮಹಾಯುದ್ಧದ ಐರಿಷ್ ಸಿಪಾಯಿಗಳ ಕಡೆ ತಿರುಗಿತು.

ತಿರುಗಿಸಿದವಳು ನೋರಾಜ್ಜಿ. ರಾಯರ ಮಗಳು ಆರತಿ ಬೆಳೆದದ್ದು ಈ ಐರಿಷ್ ಮುದುಕಿ ನಡೆಸುತ್ತಿದ್ದ ಡೇಕೇರಿನಲ್ಲಿ. ಅಪ್ಪ ಅಮ್ಮ ಫ್ರೀವೇಯಲ್ಲಿ ಸಿಕ್ಕಿಕೊಂಡ ಸಂಜೆಗಳಲ್ಲಿ ಮಗುವಿಗೆ ಡಬ್ಬಿಯ ಮೊಸರನ್ನ ತಿನ್ನಿಸಿ, ಮಿಕ್ಕಿದ್ದನ್ನು ತಾನು ತಿಂದು, ಕೊನೆಗೆ ಅದರ ರುಚಿ ಹತ್ತಿಸಿಕೊಂಡವಳು ಆಕೆ. ಆ ಹೊತ್ತಿಗೆ ತೊಂಬತ್ತು ದಾಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಸಿಗೆ ಹಿಡಿದಿದ್ದಳು. ಯುದ್ಧಕ್ಕೆ ಹೋಗಿ ಹಿಂದಿರುಗದ ದೊಡ್ಡಪ್ಪ ಪ್ಯಾಟ್ರಿಕ್ ಡೂಲನ್ ಎಲ್ಲಿ ಮಲಗಿದ್ದಾನೆಂದು ತಿಳಿದೇ ಕಣ್ಣು ಮುಚ್ಚಬೇಕೆಂಬುದೊಂದೇ ಅವಳ ಆಸೆ.

ಆ ಕಾಲದಲ್ಲಿ ಜನ ಸಾಲದೆ ಐರಿಷ್ ರೆಜಿಮೆಂಟುಗಳ ತುಕಡಿಗಳನ್ನು ಒಡೆದು, ಉಳಿದವರನ್ನು ಇಂಗ್ಲಿಷ್ ರೆಜಿಮೆಂಟುಗಳಿಗೆ ವರ್ಗ ಮಾಡುತ್ತಿದ್ದರಂತೆ. ಹೋದವನಿಗೆ ಹೊಸ ಸಿಪಾಯಿ ನಂಬರು. ಮನೆಯವರು ಹಳೆಯದನ್ನು ಹಿಡಿದು ಹುಡುಕಿದರೆ ಮಗ ಗಾಳಿಯಲ್ಲಿ ಕರಗಿಹೋದ ಹಾಗೆ. ಆದರೆ ಒಟ್ಟಿಗೆ ವರ್ಗವಾದವರಿಗೆ ನಂಬರುಗಳು ಸಾಲಾಗಿ ಬಿದ್ದಿರುತ್ತವೆ; ಹಾಗಾಗಿ ಅದೇ ಹೆಸರಿನವನೊಬ್ಬ ಸಿಕ್ಕರೆ ಅವನ ಅಕ್ಕಪಕ್ಕದ ನಂಬರಿನವರು ಎಲ್ಲಿಂದ ಬಂದರೆಂದು ನೋಡುವುದು ರಾಯರ ಕ್ರಮ. "ಪಕ್ಕದ್ಮನೆಯವ್ರಿಗೆ ಗೊತ್ತಿಲ್ದೇ ಇರೋದು ಏನಿದೆ ಹೇಳಿ?" ಎಂದು ನಗುತ್ತಿದ್ದರು.

ಹಾಗೆ ಹುಡುಕುವಾಗ ಸಿಕ್ಕ ಬೇರೆ ಸಿಪಾಯಿಗಳನ್ನು ಸುಮ್ಮನೆ ಬಿಡುವ ಜಾಯಮಾನವೂ ಅವರದಲ್ಲ. ಮಹಾಲಯ ಅಮಾವಾಸ್ಯೆಯಂದು ತಮ್ಮ ಪಿತೃಗಳಿಗೆ ಎಳ್ಳುನೀರು ಬಿಟ್ಟಮೇಲೆ, ದಿಕ್ಕಿಲ್ಲದ ಆ ಸಿಪಾಯಿಗಳಿಗೂ ಅವರವರ ಹೆಸರು, ತಾಯಿಯ ಹೆಸರು, ಗೋತ್ರದ ಜಾಗದಲ್ಲಿ ರೆಜಿಮೆಂಟಿನ ಹೆಸರು ಹೇಳಿ ಬಿಡುತ್ತಿದ್ದರು. ಮೈಸೂರಿನಿಂದ ಫೋನಿನಲ್ಲಿ ಮಂತ್ರ ಹೇಳಿಸುವ ಪುರೋಹಿತರು ಕೆಂಡಾಮಂಡಲವಾದರು. "ಮದುವೆಯಾದ ಹೆಣ್ಣಿಗೆ ಗೋತ್ರ ಬದಲಾಗಲ್ವೇ ಸ್ವಾಮಿ? ವರ್ಗವಾದ ಸಿಪಾಯಿಗೂ ಹಾಗೇ" ಎಂದ ರಾಯರಿಗೆ ಅವರು ಗೊಣಗುತ್ತಲೇ ಮುಂದಿನ ಮಂತ್ರ ಹೇಳಿಸಿದರು.

ಹೆದರುತ್ತಿದ್ದವರು ಹೆಂಡತಿ ಮೈಥಿಲಿ. ಹಿತ್ತಿಲ ಏಪ್ರಿಕಾಟ್ ಮರದಡಿ ಎಲೆಯ ಮೇಲೆ ಅನ್ನದುಂಡೆಗಳನ್ನಿಟ್ಟು ರಾಯರು ಹೆಸರು ಕೂಗತೊಡಗಿದರೆ, ಅದುವರೆಗೆ ಖಾಲಿಯಿದ್ದ ಬೇಲಿಯ ಮೇಲೆ ಕಾಗೆಗಳು ಸಾಲಾಗಿ ಬಂದು ಕೂರುತ್ತಿದ್ದವು. ಒಂದು ಹೆಸರಿಗೆ ಒಂದೇ ಇಳಿದು ಒಂದೇ ಉಂಡೆ ಮುಟ್ಟುತ್ತಿತ್ತು, ಹಾಜರಿ ಕೊಡುವ ಹಾಗೆ. "ನಮ್ಮೋರು ಬಂದ್ರೆ ಸರಿ, ಇವ್ರನ್ನೆಲ್ಲ ಯಾಕ್ರೀ ಮನೆಗೆ ಕರೀತೀರಾ?" ಎಂದು ಆಕೆ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ ಪ್ಯಾಟ್ರಿಕ್ ಸಿಕ್ಕಿದ. ಫ್ರಾನ್ಸಿನಲ್ಲಿ, ಇಂಗ್ಲಿಷ್ ರೆಜಿಮೆಂಟೊಂದರ, ಅವನ ಹೆಸರಿನ ಗೋರಿಗಲ್ಲು. ಅದರ ಫೋಟೋ ನೋರಾಜ್ಜಿಯ ದಿಂಬಿನ ಪಕ್ಕ ಸೇರಿತು. ರಾಯರು ಕಾರಿನಲ್ಲಿ ಕೂತು ಮಗುವಿನಂತೆ ಅತ್ತರು. ಆ ಅಮಾವಾಸ್ಯೆ, ಎಲ್ಲ ಉಂಡೆಗಳೂ ಖಾಲಿಯಾದವು, ಪ್ಯಾಟ್ರಿಕ್‌ನದೊಂದು ಉಳಿಯಿತು. ಕಾಗೆಯೊಂದು ಇಳಿದು ಬಂದು, ಕತ್ತು ಓರೆಮಾಡಿ ರಾಯರನ್ನೇ ಒಂದಷ್ಟು ಹೊತ್ತು ನೋಡಿ, ಅನ್ನ ಮುಟ್ಟದೆ ನಡೆದುಕೊಂಡೇ ಹಿಂದೆ ಹೋಯಿತು. ಬಿಸಿಲು ಇಳಿದರೂ ಉಂಡೆ ಹಾಗೇ ಇತ್ತು.

"ಅವ್ನು ಇವ್ನಲ್ಲ ಕಣ್ರೀ" ಎಂದರು ಮೈಥಿಲಿ, ಕಿಟಕಿಯೊಳಗಿನಿಂದ.

ರಾಯರು ಒಳಗೋಡಿ ರೆಜಿಮೆಂಟಿನ ಪಟ್ಟಿಗಳನ್ನು ಬಿಚ್ಚಿ ಕೂತರು. ಮುದುಕಿಗೆ ದಿನ ಹತ್ತಿರವಾಯಿತೆಂಬ ಆತುರದಲ್ಲಿ ಅಕ್ಕಪಕ್ಕದವರನ್ನು ವಿಚಾರಿಸುವುದನ್ನೇ ಬಿಟ್ಟಿದ್ದರು! ಈಗ ನೋಡಿದರೆ ಗೋರಿಯವನ ಆಚೀಚಿನ ನಂಬರಿನವರೆಲ್ಲ ಒಂದೇ ಇಂಗ್ಲಿಷ್ ಊರಿನಲ್ಲಿ ಸೈನ್ಯ ಸೇರಿದ ಹುಡುಗರು. ಐರ್ಲೆಂಡಿನಿಂದ ವರ್ಗವಾಗಿ ಬಂದವನು ಒಬ್ಬನೂ ಇಲ್ಲ. ಅವನು ಬೇರೆ ಪ್ಯಾಟ್ರಿಕ್ ಡೂಲನ್. ನೋರಾಜ್ಜಿಯ ದೊಡ್ಡಪ್ಪ ತನ್ನ ಜೊತೆಗಾರರೊಂದಿಗೆ ಇನ್ನೊಂದು ರೆಜಿಮೆಂಟಿಗೆ ಹೋಗಿದ್ದ. ಅವನಿಗೆ ಗೋರಿಯೇ ಇರಲಿಲ್ಲ, ಸ್ಮಾರಕದ ಗೋಡೆಯ ಮೇಲೊಂದು ಹೆಸರು ಮಾತ್ರ.

"ಅಜ್ಜಿಗೆ ಹೇಳ್ಬೇಡಿ ಸುಮ್ನಿರಿ. ನೆಮ್ಮದಿಯಾಗಿ ಹೋಗ್ಲಿ ಪಾಪ."

"ಹೋಗ್ತಾಳೆ ಕಣೆ. ಆದ್ರೆ ಯಾರ ಹತ್ರ ಹೋಗ್ತಾಳೆ?"

ಮಾರನೆಯ ಬೆಳಿಗ್ಗೆ ರಾಯರು ಹೋಗಿ ಎಲ್ಲವನ್ನೂ ಹೇಳಿದರು. ಅಜ್ಜಿ ಅವರ ಕೋಟಿನ ತೋಳು ಹಿಡಿದುಕೊಂಡು ಇಂಗ್ಲಿಷಿನಲ್ಲಿ ಆಡಿದ್ದನ್ನು ಅವರು ನಮಗೆ ಹೀಗೆ ಹೇಳುತ್ತಾರೆ: "ನಂಗೊತ್ತಿತ್ತಪ್ಪ. ಈ ಫೋಟೋ ಬಂದಾಗ್ಲಿಂದ ದಿನಾ ಒಬ್ಬ ಹುಡುಗ ಕಾಲ ಹತ್ರ ಬಂದು ನಿಲ್ತಾನೆ. ದೊಡ್ಡಪ್ಪಾ ಅಂದ್ರೆ ಅಲ್ಲ ಅಂತ ತಲೆ ಅಲ್ಲಾಡಿಸ್ತಾನೆ. ಹೋಗೋದೂ ಇಲ್ಲ. ನಂಗೆ ಆ ಗೋಡೆ ಸಾಕು. ಫೋಟೋ ಇಲ್ಲೇ ಇರ್ಲಿ. ಇವ್ನ ತಾಯಿ ಯಾರು ಅಂತ ನೋಡು." ವಾರದೊಳಗೆ ಅಜ್ಜಿಗೂ ವರ್ಗವಾಯಿತು.

ಈ ವರ್ಷ ಇಬ್ಬರು ಪ್ಯಾಟ್ರಿಕರಿಗೂ ಉಂಡೆ. ಇಬ್ಬರಿಗೂ ಅವರವರ ತಾಯಿ, ಅವರವರ ರೆಜಿಮೆಂಟು. ಎರಡು ಕಾಗೆ ಇಳಿದವು, ತಿಂದವು. ಕೊನೆಯದು ನೋರಾಜ್ಜಿಯದು. ಗೋತ್ರದ ಜಾಗಕ್ಕೆ ಬಂದಾಗ ರಾಯರು ತಡವರಿಸಿ, "ನಮ್ಮ ಆರತಿಯ ಡೇಕೇರು" ಎಂದರು. ಬೇಲಿಯ ಮೇಲಿನ ಕಾಗೆ ಕದಲಲಿಲ್ಲ. ಆಗ ಅಡುಗೆಮನೆಯ ಬಾಗಿಲು ತೆರೆಯಿತು. ಎಂದೂ ಆ ಮರದಡಿ ಕಾಲಿಡದ ಮೈಥಿಲಿ ಬಟ್ಟಲು ಹಿಡಿದು ಬಂದು, "ಬರೀ ಅನ್ನ ತಿಂತಾರೇನ್ರೀ ಅವ್ರು?" ಎಂದು ಗದರಿ, ಉಂಡೆಯ ಮೇಲೆ ಮೊಸರು ಸುರಿದರು. ಕಾಗೆ ಅವರ ಕಾಲ ಬಳಿಯೇ ಇಳಿಯಿತು.

ಇದ್ದವರ ಯೋಗಕ್ಷೇಮ ಕೇಳುವವರು ಎಲ್ಲೆಲ್ಲೂ ಸಿಗುತ್ತಾರೆ. ಸತ್ತವರೂ ದಾರಿ ತಪ್ಪುತ್ತಾರೆ, ಕರೆಯುವವರಿಗಾಗಿ ಕಾದು ನಿಲ್ಲುತ್ತಾರೆ ಎಂದು ನಂಬಿದ ಇಂಥ ವಿಚಿತ್ರ ಜೀವಗಳು ಅಪರೂಪ. ಅವರ ಹಿತ್ತಿಲಿಗೆ ಹೋಗಲು ನಮಗೆ ಭಯವಾಗುತ್ತದೆ, ಸುಳ್ಳೇಕೆ ಹೇಳಬೇಕು? ಆದರೆ ನಾಳೆ ನಮಗೂ ವರ್ಗದ ಆರ್ಡರು ಬಂದಾಗ, ನಮ್ಮ ಹೆಸರನ್ನು ತಪ್ಪಿಲ್ಲದೆ ಕೂಗುವವರೊಬ್ಬರು ಅಲ್ಲಿ ನಿಂತಿರಲಪ್ಪಾ ಎಂದು ಯಾರ ಮನಸ್ಸು ತಾನೇ ಬೇಡಿಕೊಳ್ಳುವುದಿಲ್ಲ!