ಗಾಯದ್ದೋ, ವಾತದ್ದೋ

ಮೊಣಕಾಲಿನ ಕೀಲು ಬದಲಾಯಿಸಿಕೊಂಡು ಮುಂಬಯಿ ಹತ್ತಿರದ ಕಲ್ಯಾಣದ ಮನೆಗೆ ಬಂದ ಮೇಲೆ ಸಾಬವ್ವನಿಗೆ ತನ್ನ ಮೈ ತನಗೇ ತಿಳಿಯದಂತಾಯಿತು. ಸಂಧಿವಾತ ಅವಳಿಗೆ ಹಳೆಯದು. ಬೆರಳು, ಮಣಿಕಟ್ಟು, ಮೊಣಕಾಲು ಒಂದೊಂದಾಗಿ ಹಿಡಿದುಕೊಂಡಾಗಲೂ ಯಾವ ನೋವು ಎಲ್ಲಿಯದೆಂದು ಗೊತ್ತಿರುತ್ತಿತ್ತು. ಈಗ ಬಲ ಮೊಣಕಾಲು ಉರಿಯುತ್ತಿತ್ತು. ಆಪರೇಷನ್ನಿಗೆಂದು ವಾತದ ಇಂಜೆಕ್ಷನ್ ನಿಲ್ಲಿಸಿ ಬರೀ ಗುಳಿಗೆ ಉಳಿಸಿದ್ದರಿಂದ ಕೈಬೆರಳುಗಳೂ ಬಾತಿದ್ದವು. ಇದು ಗಾಯದ್ದೋ, ವಾತದ್ದೋ?

ಗಂಡ ಮುಂಡಪ್ಪ ಅಂಬರನಾಥದ ಕಾರ್ಖಾನೆಯಿಂದ ನಿವೃತ್ತನಾದವನು. ಡಾಕ್ಟರು ಹೇಳಿಕೊಟ್ಟಂತೆ ದಿನಾ ಅವಳ ಕಾಲು ಮಡಚಿಸುತ್ತಿದ್ದ.

"ಬ್ಯಾನಿ ಬ್ಯಾರೆ ಥರಾ ಐತ್ರಿ," ಎಂದಳು ಸಾಬವ್ವ.

"ಯಾವ ಥರಾ?"

ಅವಳು ಮೊಣಕಾಲಿನ ಪಟ್ಟಿಯ ಸುತ್ತ ಬೆರಳಾಡಿಸಿ ತೋರಿಸಿದಳು.

"ಜ್ವರ ಇಲ್ಲ, ಏನಿಲ್ಲ. ಮಡಚಲಿಲ್ಲಂದ್ರ ಕಾಲು ಬಿಗೀತೈತಿ. ಸ್ವಲ್ಪ ತಡಕೋ."

ಕೆಳಗಿನ ಮನೆಯ ಪದ್ಮಾವತಿ ಎರಡೂ ಮೊಣಕಾಲಿಗೆ ಇದೇ ಆಪರೇಷನ್ ಮಾಡಿಸಿಕೊಂಡು ಸ್ಟೇಷನ್ನಿನವರೆಗೂ ನಡೆದು ಹೋಗುತ್ತಿದ್ದಳು. ತಾನೇ ಅಂಜುಬುರುಕಿ ಇರಬೇಕು ಎಂದುಕೊಂಡು ಸಾಬವ್ವ ಹಲ್ಲು ಕಚ್ಚಿ ಕಾಲು ಮಡಚಿದಳು.

ಬಟ್ಟೆ ನೆನೆಹಾಕಲು ಹೊರಟ ಸೊಸೆ ಕಾಂಚನಾ ಅತ್ತೆ ಸೀರೆಯೊಳಗೆ ಉಡುವ ಪರಕಾರದ ಮೇಲೊಂದು ಹಳದಿ ಕಲೆ ಕಂಡು ನಿಂತಳು.

"ಅತ್ತಿ, ಇದೇನ್ರಿ?"

"ಎಣ್ಣಿ ಇರಬೇಕವಾ."

"ಕಾಲಿಗೆ ಎಣ್ಣಿ ಹಚ್ಚೇ ಇಲ್ಲಲ್ರಿ." ಅವಳು ಅತ್ತೆಯ ಮೊಣಕಾಲಿನ ಪಟ್ಟಿ ಸರಿಸಿ ನೋಡಿದಳು. ಹೊಲಿಗೆಯ ಕೆಳತುದಿ ಒದ್ದೆಯಾಗಿತ್ತು. ಆಗಲೇ ಡಾಕ್ಟರಿಗೆ ಫೋನ್ ಮಾಡಿದಳು.

ಠಾಣೆಯ ಆಸ್ಪತ್ರೆಯಲ್ಲಿ ಡಾಕ್ಟರು ಕೀಲಿನೊಳಗಿಂದ ಸೂಜಿಯಲ್ಲಿ ನೀರು ತೆಗೆದರು. ಅದು ಕದಡಿಕೊಂಡಿತ್ತು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕಾಂಚನಾ ತಿಳಿಸಿದಳು: "ಒಳಗ ಸೋಂಕು ಆಗೈತಂತ್ರಿ. ಸೋಂಕಿದ್ರೂ ನೀವು ವಾತಕ್ಕ ತಗೋಳು ಗುಳಿಗಿ ಜ್ವರಾನ ಏಳಗೊಡೂದಿಲ್ಲಂತ."

ಸಾಬವ್ವ ಮತ್ತಷ್ಟು ಗೊಂದಲಕ್ಕೆ ಬಿದ್ದಳು. ಇಷ್ಟು ವರ್ಷ ತನ್ನನ್ನು ಓಡಾಡಿಸಿದ ಗುಳಿಗೆ ಅದು. ಅದನ್ನು ಈಗ ನಂಬಬೇಕೋ, ಬಿಡಬೇಕೋ?

"ನಾ ಮಡಚಿಸಿದ್ದಕ್ಕ ಹಿಂಗಾತೇನ್ರಿ?" ಎಂದು ಮುಂಡಪ್ಪ ಡಾಕ್ಟರನ್ನೇ ಕನ್ನಡದಲ್ಲಿ ಕೇಳಿಬಿಟ್ಟ. ಕಾಂಚನಾ ಅದನ್ನು ಮರಾಠಿಯಲ್ಲಿ ಕೇಳಿದಾಗ ಅಲ್ಲ ಎಂದು ಅವರು ತಲೆಯಾಡಿಸಿದರೂ ಅವನು ತನ್ನ ಕೈಗಳನ್ನೇ ನೋಡುತ್ತ ಕುಳಿತ.

ಮತ್ತೆ ಕಾಲು ಕೊಯ್ದು ತೊಳೆದರು. ಕೃತಕ ಕೀಲಿನ ಪ್ಲಾಸ್ಟಿಕ್ ತುಂಡು ಬದಲಾಯಿಸಿದರು. ಲೋಹದ ಭಾಗ ಉಳಿಯಿತು. ವಾರಗಟ್ಟಲೆ ಔಷಧ ನಡೆದ ಮೇಲೆ ಗಾಯ ಒಣಗಿತು. ಕಾಲು ಮಾತ್ರ ಮೊದಲು ಅಂದುಕೊಂಡಷ್ಟು ಮಡಚಲಿಲ್ಲ. ಸಾಬವ್ವ ಕೋಲು ಹಿಡಿದು ಮನೆಯೊಳಗೆ ಓಡಾಡಲು ಶುರುಮಾಡಿದಳು.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೊಣಕಾಲು ಸೆಳೆಯಿತು. ಈ ಸಲ ಅವಳು ನೋವು ನುಂಗಿಕೊಳ್ಳಲಿಲ್ಲ.

"ಕೈಯಿಟ್ಟು ನೋಡ್ರಿ. ಬಿಸಿ ಐತೇನು?"

ಮುಂಡಪ್ಪ ಒಂದು ಮೊಣಕಾಲು ಮುಟ್ಟಿದ, ಇನ್ನೊಂದನ್ನೂ ಮುಟ್ಟಿದ. "ಎರಡೂ ಒಂದ ಥರಾ ಅದಾವ."

"ಹಂಗಾದ್ರ ಇದು ಯಾವ ಬ್ಯಾನಿ?"

"ನನಗೂ ತಿಳೀವಲ್ದು," ಎಂದ ಅವನು. "ಕೇಳೂಣು." ಡಾಕ್ಟರ ನಂಬರಿಗಾಗಿ ಕಾಂಚನಾಳನ್ನು ಕೂಗಿದ.